ಜೀನ್ಸ್ ಪಟ್ಟಿ

ಸೆರಗಿನ ತುದಿಯನ್ನು ನಲ್ಲಿ ನೀರಿನಲ್ಲಿ ಅದ್ದಿ ಎಷ್ಟು ಉಜ್ಜಿದರೂ ಅಣ್ಣನ ಮಣಿಕಟ್ಟಿನ ನೀಲಿ ಹೋಗಲಿಲ್ಲ. ಮೊದಲು ಗೌತಮಿ ಅದನ್ನು ಪೆಟ್ಟಿನ ಕಲೆ ಎಂದುಕೊಂಡಿದ್ದಳು. ಪೆಟ್ಟಾಗಿದ್ದರೆ ಮುಟ್ಟಿದಾಗ ನೋಯಬೇಕಿತ್ತು, ಅಣ್ಣ ಹೊನ್ನೂರಪ್ಪ ನಗುತ್ತಿದ್ದ. ಅವಳು ಉಜ್ಜುವುದನ್ನು ಬಿಟ್ಟು ತನ್ನ ಬೆರಳುಗಳನ್ನು ನೋಡಿಕೊಂಡಳು. ಅಲ್ಲೂ ಅದೇ ನೀಲಿ. ಬಳ್ಳಾರಿಯ ಜೀನ್ಸ್ ಯೂನಿಟ್ಟುಗಳಲ್ಲಿ ಹೊಲಿಯುವ ಹೆಂಗಸರ ಕೈಗೆ ಹತ್ತಿದ ಆ ಬಣ್ಣ ಸೋಪಿಗೆ ಜಗ್ಗುವಂಥದ್ದಲ್ಲ. ಆದರೆ ದಿನವಿಡೀ ಈ ಆರೈಕೆ ಕೇಂದ್ರದ ಮಂಚದ ಮೇಲೆ ಕೂತಿರುವವನ ಕೈಗೆ ಅದು ಹತ್ತಿದ್ದು ಹೇಗೆ?

ಆಯಾ ಸತ್ಯಮ್ಮ ಬಕೀಟು ಹಿಡಿದುಕೊಂಡು ಬಾಗಿಲಲ್ಲೇ ನಿಂತುಬಿಟ್ಟಳು.

"ಇವತ್ತ್ಯಾಕ ಬಂದಿ ಬೇ? ಭಾನುವಾರ ಅಲ್ಲಲ್ಲ."

"ಯೂನಿಟ್ನಾಗ ಕರೆಂಟಿಲ್ಲ ಅಂತ ಮನಿಗೆ ಕಳಿಸಿದ್ರು. ಸತ್ಯಕ್ಕ, ಅಣ್ಣನ ಕೈಗೆ ಇದೇನು?"

ಸತ್ಯಮ್ಮನ ಕಣ್ಣು ಮಂಚದ ಸರಳಿನ ಕಡೆ ಹೋಗಿ ಬಂತು. ಸರಳಿನಿಂದ ಎರಡು ನೀಲಿ ಪಟ್ಟಿಗಳು ಜೋತಾಡುತ್ತಿದ್ದವು. ಉಣಿಸುವಾಗ ಬಿಚ್ಚಿದ ಗಂಟಿನ ಸುಕ್ಕು ಅವುಗಳ ಮೇಲೆ ಇನ್ನೂ ಹಾಗೇ ಇತ್ತು. ಗೌತಮಿ ಒಂದನ್ನು ಕೈಗೆತ್ತಿಕೊಂಡಳು. ತಾಮ್ರದ ಬಣ್ಣದ ದಾರ, ಜೋಡಿ ಹೊಲಿಗೆ, ತುದಿಯಲ್ಲಿ ಮಿಷನ್ನನ್ನು ಹಿಂದೆ ಮುಂದೆ ಓಡಿಸಿ ಗಟ್ಟಿ ಮಾಡಿದ ಗುರುತು. ಯಾರದೋ ಕೈಕೆಲಸವಲ್ಲ, ತನ್ನದೇ.

ಬೇಸಿಗೆಯಲ್ಲಿ ಸತ್ಯಮ್ಮನೇ ಕೇಳಿದ್ದಳು, ರೆಗ್ಜಿನ್ ಹಾಸಿಗೆಗಳು ಜಾರುತ್ತವೆ, ಮಂಚಕ್ಕೆ ಕಟ್ಟಲು ಒಂದಿಷ್ಟು ಪಟ್ಟಿ ಹೊಲಿದು ತಾ ಎಂದು. ಗೌತಮಿ ಮೇಸ್ತ್ರಿಯನ್ನು ಕಾಡಿಬೇಡಿ ಕಟ್‌ಪೀಸು ಇಸಿದುಕೊಂಡು, ಊಟದ ಹೊತ್ತಿನಲ್ಲಿ ಉಳಿದವರು ಡಬ್ಬಿ ಬಿಚ್ಚುತ್ತಿದ್ದರೆ ತಾನು ಮಿಷನ್ನಿನ ಮುಂದೆ ಕೂತು ಹೊಲಿದಿದ್ದಳು. ಅಣ್ಣನನ್ನು ನೋಡಿಕೊಳ್ಳುವವರ ಮನಸ್ಸು ಸ್ವಲ್ಪ ಮೆತ್ತಗಾಗಲಿ ಎಂಬ ಆಸೆ. ಎತ್ತು ಎಳೆದರೂ ಹರಿಯಬಾರದು, ಅಂಥ ಹೊಲಿಗೆ. ಹರಿಯಲಿಲ್ಲ, ಪಾಪ.

"ಹಾಸಿಗಿಗೇ ಕಟ್ಟಿದ್ದೆ, ಸುಳ್ಳು ಹೇಳಂಗಿಲ್ಲ," ಎಂದಳು ಸತ್ಯಮ್ಮ ಬಕೀಟು ಕೆಳಗಿಟ್ಟು. "ಆಮ್ಯಾಲ ನಿಮ್ಮಣ್ಣ ಗೇಟು ದಾಟಿ ರೋಡಿಗೆ ಹೋದ. ಸಿರುಗುಪ್ಪದಿಂದ ಭತ್ತದ ಲಾರಿ ಹೆಂಗ ಬರ್ತಾವಂತ ನಿನಗೂ ಗೊತ್ತೈತಿ. ನಾನು ಒಬ್ಬಾಕಿ ಅದೀನಿ. ಒಬ್ಬಾಕಿ ಯಾರಿಗೆ ತೊಳೀಲಿ, ಯಾರಿಗೆ ಉಣಿಸ್ಲಿ, ಯಾರ ಹಿಂದ ಓಡ್ಲಿ? ಹೇಳು."

ಹೊನ್ನೂರಪ್ಪನ ಲುಂಗಿ ಯಾವಾಗಲೋ ಒದ್ದೆಯಾಗಿ ಮೈಮೇಲೇ ಒಣಗಿತ್ತು. ಗಡ್ಡದಲ್ಲಿ ಅನ್ನದ ಅಗುಳು ಅಂಟಿಕೊಂಡಿತ್ತು. ಭಾನುವಾರ ಬಂದಾಗೆಲ್ಲ ಮಿಂದು, ಎಣ್ಣೆ ಹಚ್ಚಿ ತಲೆ ಬಾಚಿಸಿಕೊಂಡು ಕೂತಿರುತ್ತಿದ್ದ ಅಣ್ಣ ಬೇರೆ, ವಾರದ ನಡುವಿನ ಈ ಅಣ್ಣ ಬೇರೆ. ಗೌತಮಿಗೆ ಸಿಟ್ಟು ಬಂತು, ಆದರೆ ಯಾರ ಮೇಲೆ ಎಂದು ಅದಕ್ಕೇ ಗೊತ್ತಾಗಲಿಲ್ಲ. ಅವಳು ಆ ಎರಡು ಪಟ್ಟಿಯನ್ನೂ, ಪಕ್ಕದ ಮಂಚದಲ್ಲಿ ಮುದುಕ ದುರುಗಣ್ಣನ ಕಾಲಿಗೆ ಕಟ್ಟಿದ್ದನ್ನೂ, ಆ ಕೋಣೆಯಲ್ಲಿ ಕಂಡ ತನ್ನ ಹೊಲಿಗೆಯನ್ನೆಲ್ಲ ಬಿಚ್ಚಿ ಚೀಲಕ್ಕೆ ತುಂಬಿಕೊಂಡಳು. ತಂದಿದ್ದ ಒಗ್ಗರಣೆ ಮಂಡಕ್ಕಿ, ಮಿರ್ಚಿಯನ್ನು ಅಣ್ಣನಿಗೆ ತಿನ್ನಿಸಿ, ಕೈ ತೊಳೆಸಿ, ಆಫೀಸಿನ ಕೋಣೆಗೆ ಹೋದಳು.

ಮ್ಯಾನೇಜರ್ ಜಡೆಪ್ಪ ದನಿ ಏರಿಸುವ ಮನುಷ್ಯನಲ್ಲ. ಅದೇ ಅವನ ಬಲ.

"ನೋಡಮ್ಮ, ಸೇರಿಸಿದ ದಿನ ನೀನೇ ಹೇಳಿದ್ದಿ. ನಿಮ್ಮವ್ವ ಸಂತಿಗೆ ಹೋಗೋವಾಗ ಇವನ ಕೈಗೆ ಸೆರಗು ಕಟ್ಟಿ ಕರಕೊಂಡು ಹೋಗ್ತಿದ್ಲು, ಕಟ್ಟಿದ್ರ ಸುಮ್ಮನಿರ್ತಾನ ಅಂತ. ಹೇಳಿದ್ದಿಲ್ಲೇನು?"

ಹೇಳಿದ್ದಳು. ಅಣ್ಣನ ಸ್ವಭಾವ ಇವರಿಗೆ ತಿಳಿದಿರಲಿ, ಹೆದರಿಸದೆ ನೋಡಿಕೊಳ್ಳಲಿ ಎಂದು ಅವತ್ತು ಬಾಯಿ ನೋಯುವಷ್ಟು ಹೇಳಿದ್ದಳು. ಕುರುಗೋಡಿನಲ್ಲಿ ಅವ್ವ ಈರಮ್ಮ ಹೊರಗೆ ಹೊರಟಳೆಂದರೆ ಸೆರಗಿನ ತುದಿಯನ್ನು ಮಗನ ಮಣಿಕಟ್ಟಿಗೆ ಸುತ್ತಿ ಒಂದು ಸಡಿಲ ಗಂಟು ಹಾಕುತ್ತಿದ್ದಳು. ಗಂಟು ಬಿದ್ದದ್ದೇ ತಡ, ಹೊನ್ನೂರಪ್ಪ ಕಾಲಿನಿಂದ ತಡಕಾಡುತ್ತ ಚಪ್ಪಲಿ ಹುಡುಕುತ್ತಿದ್ದ. ಗಡ್ಡ ಮೀಸೆ ಬಂದ ಮೇಲೂ ಹಾಗೆಯೇ; ಮುಂದೆ ಕುಳ್ಳಿ ಅವ್ವ, ಹಿಂದೆ ಆಳೆತ್ತರದ ಮಗ, ನಡುವೆ ಒಂದು ಸೆರಗು. ನೋಡಿ ನಗುವವರು ನಕ್ಕರು. ಆ ಗಂಟಿನ ಇನ್ನೊಂದು ತುದಿಯಲ್ಲಿ ಅವ್ವ ಇರುತ್ತಿದ್ದಳು, ಮಂಚದ ಸರಳಲ್ಲ. ಗೌತಮಿ ಚೀಲದಿಂದ ಒಂದು ಪಟ್ಟಿ ತೆಗೆದು ಅವನ ಮುಂದೆ ಹಿಡಿದಳು.

"ಮನಸ್ಸಿಗೆ ಬರಲಿಲ್ಲಂದ್ರ ಕರಕೊಂಡು ಹೋಗಮ್ಮ," ಎಂದ ಜಡೆಪ್ಪ. "ನಾವೇನು ಹಿಡದಿಟ್ಟುಕೊಂಡಿಲ್ಲ. ಜಾಗಾ ಬೇಕಂತ ಮಂದಿ ದಿನಾ ಬರ್ತಾರ."

ಕರಕೊಂಡು ಹೋಗುವುದೆಲ್ಲಿಗೆ? ಅವ್ವ ತೀರಿಕೊಂಡ ಮೇಲೆ ಅವಳು ಅಣ್ಣನನ್ನು ಬಳ್ಳಾರಿಯ ತನ್ನ ಒಂಟಿ ಕೋಣೆಯಲ್ಲೇ ಇಟ್ಟುಕೊಂಡಿದ್ದಳು. ಕೆಲಸಕ್ಕೆ ಹೋಗುವಾಗ ಹೊರಗಿನಿಂದ ಬೀಗ. ಒಂದು ದಿನ ಅವನು ಗ್ಯಾಸ್ ಒಲೆಯ ಕಿವಿ ತಿರುಗಿಸಿಟ್ಟು ಆ ವಾಸನೆಯಲ್ಲೇ ಕೂತಿದ್ದ. ವಠಾರವೇ ಬಾಗಿಲ ಮುಂದೆ ಸೇರಿತ್ತು. ಮನೆ ಮಾಲೀಕ ಹಂಪಯ್ಯ ಬೈಯಲಿಲ್ಲ, ಕೈ ಮುಗಿದ. ಬೈದಿದ್ದರೆ ಜಗಳವಾಡಬಹುದಿತ್ತು, ಕೈ ಮುಗಿದವರ ಜೊತೆ ಏನು ಆಡುವುದು?

ಅವಳು ರಸ್ತೆಗೆ ಬಂದು ಬಳ್ಳಾರಿಯ ಬಸ್ಸು ಬಿಟ್ಟು ಸಿರುಗುಪ್ಪದ ಬಸ್ಸು ಹತ್ತಿದಳು. ತಮ್ಮ ಭೀಮರಾಜ ಹೆಂಡತಿ ಚೈತ್ರಾಳ ಜೊತೆ ಅಲ್ಲಿದ್ದ, ರೈಸ್ ಮಿಲ್ಲಿನಲ್ಲಿ ಹಮಾಲಿ. ಹಿರಿಯವನು ಹುಟ್ಟಿದಾಗ ಅಪ್ಪ ಹೊನ್ನೂರುಸ್ವಾಮಿಗೆ ಹರಕೆ ಹೊತ್ತು ಆ ಹೆಸರಿಟ್ಟಿದ್ದ. ಹರಕೆಯಿಂದ ಮಗನ ಬುದ್ಧಿಯೇನೂ ಬೆಳೆಯಲಿಲ್ಲ. ಆಮೇಲೆ ಅಪ್ಪ ಬಾಬಾಸಾಹೇಬರ ಫೋಟೊ, ಬುದ್ಧನ ಫೋಟೊ ತಂದು ಗೋಡೆಗೆ ಹಾಕಿದ. ಉಳಿದಿಬ್ಬರು ಗೌತಮಿ, ಭೀಮರಾಜ ಆದರು. "ಯಾರ ಮುಂದೂ ತಲಿ ತಗ್ಗಿಸಬ್ಯಾಡ್ರಿ, ಕೇಳ್ರಿ" ಎನ್ನುತ್ತಿದ್ದ. ಯಾರನ್ನು ಕೇಳಬೇಕೆಂದು ಹೇಳುವ ಮೊದಲೇ ಹೋಗಿಬಿಟ್ಟ.

ಮಿಲ್ಲಿನ ಹೊರಗೆ ಭೀಮರಾಜ ಟವೆಲ್ಲಿನಿಂದ ಹುಬ್ಬಿನ ಮೇಲಿನ ತೌಡು ಒರೆಸಿಕೊಳ್ಳುತ್ತ ಎಲ್ಲ ಕೇಳಿದ. ಪಟ್ಟಿಯನ್ನು ಹಿಡಿದು ನೋಡಿ ಮರಳಿ ಚೀಲಕ್ಕೆ ಹಾಕಿದ.

"ಅಕ್ಕ, ಚೈತ್ರಾಗ ದಿನ ತುಂಬ್ಯಾವ. ಇರೋದು ಒಂದು ಖೋಲಿ. ಅಣ್ಣ ಹೊತ್ತಲ್ಲದ ಹೊತ್ತಿನಾಗ ಕೂಗ್ತಾನ, ಆಕಿ ಹೆದರ್ತಾಳ. ನಾನು ಏನಂತ ಮಾಡ್ಲಿ?"

"ಬಾಣಂತನ ಮುಗಿಯೋತನಕ ಬ್ಯಾಡ. ಆಮ್ಯಾಲ?"

ಭೀಮರಾಜ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ. "ನೀ ಅವರ ಜೊತಿ ಜಗಳಾ ಮಾಡಿ ಅಣ್ಣನ್ನ ಹೊರಗ ಹಾಕಿಸಿಬಿಡಬ್ಯಾಡ. ಅಷ್ಟ ಕೇಳ್ಕೊಂತೀನಿ."

ಅವನು ಕೆಟ್ಟವನಲ್ಲ. ಬಸ್ಸು ಹೊರಡುವಾಗ ಕಿಟಕಿಯಿಂದ ಬಾಳೆಹಣ್ಣಿನ ಪೊಟ್ಟಣ ಕೊಟ್ಟು, ಕಣ್ಣಿಗೆ ತೌಡು ಬಿದ್ದಿದೆ ಎಂಬಂತೆ ಟವೆಲ್ಲನ್ನು ಮುಖಕ್ಕೆ ಒತ್ತಿಕೊಂಡು ನಿಂತಿದ್ದ.

ಆದರೂ ಗೌತಮಿ ಸುಮ್ಮನಿರಲಿಲ್ಲ. ನೀರಿಗಿಳಿದ ಮೇಲೆ ಚಳಿಯೇನು ಎಂದು ಬಳ್ಳಾರಿಯ ಸರ್ಕಾರಿ ಕಚೇರಿಗೆ ಹೋದಳು. ಇವತ್ತು ಸಾಹೇಬರಿಲ್ಲ, ನಾಳೆ ಬಾ, ಇದು ನಮಗೆ ಬರುವುದಿಲ್ಲ, ಮೇಲಿನ ಮಹಡಿಗೆ ಹೋಗು. ಕೊನೆಗೆ ಮೀನಾ ಎಂಬ ಎಳೆಯ ಅಧಿಕಾರಿಯೊಬ್ಬಳು ಕುರ್ಚಿ ಕೊಟ್ಟು ಕೂರಿಸಿ ಕೇಳಿದಳು, ಪಟ್ಟಿಯನ್ನು ಮುಟ್ಟಿ ನೋಡಿದಳು, ತಾನೇ ಬಂದು ನೋಡುತ್ತೇನೆ ಎಂದಳು. ಆವತ್ತು ಗೌತಮಿ ಗಾಂಧಿನಗರದ ತನ್ನ ಕೋಣೆಯವರೆಗೆ ಆಟೊ ಹತ್ತದೆ ನಡೆದೇ ಹೋದಳು, ಅಷ್ಟು ಹಗುರಾಗಿದ್ದಳು.

ಮೀನಾ ಮಾತು ತಪ್ಪಲಿಲ್ಲ. ಆದರೆ ಬರುವ ಮೊದಲು ಕಚೇರಿಯಿಂದ ಫೋನು ಹೋಗುವುದು ಪದ್ಧತಿ, ಹೋಗಿತ್ತು. ಗೌತಮಿ ಅರ್ಧ ದಿನದ ರಜೆ ಹಾಕಿ ಬಂದಾಗ ಕೇಂದ್ರದ ಅಂಗಳಕ್ಕೆ ನೀರು ಹೊಡೆದಾಗಿತ್ತು, ಮಂಚಗಳಿಗೆ ಹೂವಿನ ಚಿತ್ರದ ಚಾದರಗಳು. ಹೊನ್ನೂರಪ್ಪ ಗಡ್ಡ ಬೋಳಿಸಿಕೊಂಡು, ಯಾರದೋ ಬಿಳಿ ಅಂಗಿ ತೊಟ್ಟು ಮದುಮಗನಂತೆ ಕೂತಿದ್ದ. ಮಣಿಕಟ್ಟಿನ ನೀಲಿ ಮಾಸಿಹೋಗಿತ್ತು.

ಮೀನಾ ಅವನ ಪಕ್ಕದಲ್ಲೇ ಮಂಚದ ಮೇಲೆ ಕೂತಳು.

"ಇಲ್ಲಿ ನಿಮ್ಮನ್ನ ಚೆನ್ನಾಗಿ ನೋಡ್ಕೊಳ್ತಾರಾ?"

"ಹೂಂ," ಎಂದ ಹೊನ್ನೂರಪ್ಪ.

"ಮೇಡಂ, ಅವನು ಎಲ್ಲದಕ್ಕೂ ಹೂಂ ಅಂತಾನ್ರಿ," ಎಂದಳು ಗೌತಮಿ. "ಕಟ್ಟಿ ಹಾಕ್ತಾರೇನಂತ ಕೇಳ್ರಿ."

"ಕಟ್ಟಿ ಹಾಕ್ತಾರಾ?"

"ಹೂಂ."

ಗೌತಮಿ ಮೀನಾಳ ಮುಖ ನೋಡಿದಳು. ಜಡೆಪ್ಪ ಒಂದು ಹೆಜ್ಜೆ ಮುಂದೆ ಬಂದು ಮೆಲ್ಲಗೆ, "ಹೊನ್ನೂರಪ್ಪ, ದಿನಾ ಹೋಳಿಗಿ ತುಪ್ಪ ಹಾಕ್ತೀವಿ, ಹೌದಿಲ್ಲೋ?" ಎಂದ.

"ಹೂಂ."

ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅನ್ನುತ್ತಾರೆ. ಹೊನ್ನೂರಪ್ಪನಿಗೆ ಬಾಯಿತ್ತು, ಅದರಲ್ಲಿದ್ದದ್ದು ಒಂದೇ ಮಾತು, ಅದನ್ನು ಅವನು ಯಾರಿಗೂ ಇಲ್ಲವೆನ್ನದೆ ಕೊಡುತ್ತಿದ್ದ. ಮೀನಾ ಅವನ ಕೈ ಸವರಿ ಎದ್ದಳು. ಆಯಾಗಳನ್ನು ಹೆಚ್ಚಿಸಬೇಕು, ಯಾರನ್ನೂ ಕಟ್ಟಬಾರದು ಎಂದು ಜಡೆಪ್ಪನಿಗೆ ಗಟ್ಟಿಯಾಗಿಯೇ ಹೇಳಿದಳು. ಅವನು ಪ್ರತಿಯೊಂದಕ್ಕೂ "ಆಗಲಿ ಮೇಡಂ" ಎಂದ. ಅವನ ಆಗಲಿಗೂ ಅಣ್ಣನ ಹೂಂಗೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಜೀಪು ಹತ್ತುವಾಗ ಮೀನಾ ಗೌತಮಿಯನ್ನು ಬದಿಗೆ ಕರೆದಳು.

"ಇದನ್ನ ಮುಚ್ಚಿಸಿದ್ರೆ ಇವರನ್ನೆಲ್ಲ ಎಲ್ಲಿಗೆ ಕಳಿಸೋದು ಅಂತ ನನಗೂ ಗೊತ್ತಿಲ್ಲಮ್ಮ. ಬೇರೆ ಕಡೆ ಜಾಗ ಆದ್ರೆ ಹೇಳ್ತೀನಿ."

ಮುಂದಿನ ಭಾನುವಾರ ಗೌತಮಿ ಹೋದಾಗ ಹೊನ್ನೂರಪ್ಪ ಎಂದಿನ ಕೋಣೆಯಲ್ಲಿರಲಿಲ್ಲ. ಹಿಂದುಗಡೆ, ಅಡುಗೆಮನೆಯಾಚೆಗಿನ ಕಿಟಕಿಯಿಲ್ಲದ ಕೋಣೆಗೆ ಹಾಕಿದ್ದರು. ಈ ಸಲ ಭಾನುವಾರವಾದರೂ ಯಾರೂ ಬಿಚ್ಚುವ ತೊಂದರೆ ತೆಗೆದುಕೊಂಡಿರಲಿಲ್ಲ. ಮಂಚದ ಸರಳಿನಿಂದ ಅವನ ಕೈಗೆ ಹಸಿರು ನೈಲಾನ್ ಹಗ್ಗ, ಬಟ್ಟೆ ಒಣಹಾಕುವಂಥದ್ದು. ಅದರ ಅಡಿಯಲ್ಲಿ ಚರ್ಮ ಸುಲಿದು ಕೆಂಪಗೆ ಒಸರುತ್ತಿತ್ತು. ಈ ಸಲ ಮುಟ್ಟಿದರೆ ನೋಯುತ್ತಿತ್ತು, ಹೊನ್ನೂರಪ್ಪ ನಗಲಿಲ್ಲ.

ಸತ್ಯಮ್ಮ ಕೊಬ್ಬರಿ ಎಣ್ಣೆಯ ಬಟ್ಟಲು ಹಿಡಿದು ಬಂದಳು. ಅವಳ ಕಣ್ಣಲ್ಲೂ ನೀರಿತ್ತು.

"ನೀ ಪಟ್ಟಿ ಒಯ್ದಿ. ಇವರು ಹಗ್ಗ ತಂದ್ರು," ಎಂದಳು. "ಆ ಪಟ್ಟಿನ ಎಷ್ಟೋ ವಾಸಿ ಇತ್ತು ಬೇ. ಹರಿತಿದ್ದಿಲ್ಲ ನೋಡು, ಕೊರೀತಿದ್ದಿಲ್ಲ."

ಗೌತಮಿ ಹಗ್ಗ ಬಿಚ್ಚಿ, ಎಣ್ಣೆ ಹಚ್ಚಿ, ಸಂಜೆಯವರೆಗೆ ಆ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಕೂತಳು. ಕೇಳ್ರಿ ಎಂದಿದ್ದ ಅಪ್ಪ. ಕೇಳಿದ್ದಾಗಿತ್ತು. ಮೀನಾಗೆ ಫೋನು ಮಾಡಿದಳು, ರಿಂಗಾಗಿ ರಿಂಗಾಗಿ ನಿಂತಿತು. ಹೊರಟಾಗ ಹಿಂದೆ ಸತ್ಯಮ್ಮ ಹಗ್ಗ ಎತ್ತಿಕೊಂಡ ಸಪ್ಪಳವಾಯಿತು. ಗೌತಮಿ ತಿರುಗಿ ನೋಡಲಿಲ್ಲ, ನೋಡುವ ಧೈರ್ಯವಿರಲಿಲ್ಲ.

ಕೋಣೆಗೆ ಬಂದವಳು ಟ್ರಂಕಿನಿಂದ ಅವ್ವನ ಸೀರೆ ತೆಗೆದಳು. ಒಗೆದೊಗೆದು ಹೂವಿನೆಸಳಷ್ಟು ಮೆತ್ತಗಾಗಿದ್ದ ಹತ್ತಿಯ ಇಳಕಲ್ಲು. ಉಟ್ಟುಕೊಳ್ಳಲೂ ಮನಸ್ಸಾಗದೆ, ಕೌದಿಗೆ ಹಾಕಲೂ ಮನಸ್ಸಾಗದೆ ಇಟ್ಟುಕೊಂಡಿದ್ದದ್ದು. ಮರುದಿನ ಊಟದ ಹೊತ್ತಿನಲ್ಲಿ ಅವಳು ಮಿಷನ್ನಿನ ಮುಂದೆ ಕೂತು ಅದರ ಸೆರಗನ್ನು ಕತ್ತರಿಸಿದಳು, ಮಡಿಸಿ, ಒಳಗೆ ಹತ್ತಿ ತುಂಬಿ, ಆ ನೀಲಿ ಪಟ್ಟಿಗಳ ಒಳಮೈಗೆ ಕೂಡಿಸಿ ಹೊಲಿದಳು. ಒಂದನ್ನು ತನ್ನ ಮಣಿಕಟ್ಟಿಗೆ ಸುತ್ತಿ ಎಳೆದು ನೋಡಿದಳು. ಎಲ್ಲಿ ಒತ್ತುತ್ತದೋ ಅಲ್ಲಿ ಬಿಚ್ಚಿ ಮತ್ತೆ ಹೊಲಿದಳು.

ಸಂಜೆ ಕೆಲಸ ಬಿಟ್ಟವಳೇ ಸಿರುಗುಪ್ಪದ ಬಸ್ಸು ಹತ್ತಿ ಕೇಂದ್ರದ ಗೇಟಿನಲ್ಲಿ ಇಳಿದಳು. ಜಡೆಪ್ಪ ಚೀಲದಲ್ಲಿ ಏನೆಂದು ಕೇಳಿದ, ನೋಡಿದ, ಏನೂ ಅನ್ನದೆ ಒಳಗೆ ಬಿಟ್ಟ. ಸತ್ಯಮ್ಮ ಪಟ್ಟಿಗೆ ಕೈ ಚಾಚಿದಾಗ ಗೌತಮಿ ಕೊಡಲಿಲ್ಲ.

"ಮೊದಲ ಸಲ ನಾನ ಕಟ್ತೀನಿ," ಎಂದಳು. "ಹೆಂಗ ಕಟ್ಟಬೇಕಂತ ನೋಡ್ಕೋ. ಇಷ್ಟು ಸಡಿಲ ಇರಬೇಕು."

ಪಟ್ಟಿಯ ಒಂದು ತುದಿಯನ್ನು ಮಂಚದ ಸರಳಿಗೆ ಬಿಗಿದು, ಸುಲಿದ ಚರ್ಮಕ್ಕೆ ನೋವಾಗದಂತೆ ಅವಳು ಸೀರೆಯ ಮಗ್ಗುಲನ್ನು ಒಳಗೆ ಮಾಡಿ ಮಣಿಕಟ್ಟಿಗೆ ಸುತ್ತಿದಳು. ಹೊನ್ನೂರಪ್ಪ ಕೈ ಎಳೆದುಕೊಳ್ಳಲಿಲ್ಲ. ತಲೆ ಬಗ್ಗಿಸಿ ಪಟ್ಟಿಯ ಅಂಚಿನಲ್ಲಿ ಇಣುಕುತ್ತಿದ್ದ ಕೆಂಪು ಸೆರಗನ್ನು ನೋಡಿದ, ಮೂಗಿಗೆ ಹಿಡಿದ. ಗೌತಮಿ ಗಂಟು ಹಾಕಿದಳು.

ಅವನ ಮುಖ ಅರಳಿತು. ಬಾಗಿಲ ಕಡೆ ನೋಡಿದ. ಆಮೇಲೆ ಕಾಲುಗಳನ್ನು ಮಂಚದಿಂದ ಕೆಳಗಿಳಿಸಿ, ಒದ್ದೆ ನೆಲದ ಮೇಲೆ ಪಾದದಿಂದ ತಡಕಾಡುತ್ತ ಚಪ್ಪಲಿ ಹುಡುಕತೊಡಗಿದ.