ಮೀನು ಈಜುವ ನೀರು

ಜೋಗೇಶ್ವರಿಯ ಆ ಕಾರ್ಖಾನೆಗೆ ಯಾರೇ ಬರಲಿ, ಮಾಲೀಕ ಅಮೋಲ್ ಮೊದಲು ಕರೆದೊಯ್ಯುವುದು ಮೀನಿನ ತೊಟ್ಟಿಯ ಹತ್ತಿರ. ಬಚ್ಚಲುಮನೆಯ ನಲ್ಲಿಗಳಿಗೆ ಕ್ರೋಮಿಯಂ ಲೇಪಿಸಿ ಹೊಳಪು ಕೊಡುವುದು ಅಲ್ಲಿಯ ಕೆಲಸ. ಲೇಪಿಸಿದ ನಲ್ಲಿ ತೊಳೆದ ನೀರನ್ನು ಶುದ್ಧ ಮಾಡಿ ಮತ್ತೆ ಬಳಸುತ್ತೇವೆ ಎನ್ನಲು ಆ ಗಾಜಿನ ತೊಟ್ಟಿಯೇ ಪುರಾವೆ. ಶುದ್ಧವಾದ ನೀರು ಅದರೊಳಗಿಂದ ಹಾದುಹೋಗುತ್ತದೆ, ಕೆಂಪು ಮೀನುಗಳು ಬಾಲ ಆಡಿಸುತ್ತವೆ, ಬಂದವರು ಫೋಟೋ ಹೊಡೆದುಕೊಳ್ಳುತ್ತಾರೆ. ಮೀನೇ ಬದುಕಿದೆ ಅಂದಮೇಲೆ ಇನ್ನೆಂಥ ಪರೀಕ್ಷೆ!

ಮೀನು ಬದುಕುತ್ತಿರಲಿಲ್ಲ. ಕೆಲಸ ಹೆಚ್ಚಿತ್ತು, ಅಷ್ಟು ನೀರನ್ನು ಶುದ್ಧ ಮಾಡುವ ತಾಕತ್ತು ಅಲ್ಲಿಯ ಹಳೆಯ ಶುದ್ಧೀಕರಣ ಘಟಕಕ್ಕೆ ಇರಲಿಲ್ಲ. ಘಟಕ ನೋಡಿಕೊಳ್ಳುವ ವಿಜಯಪುರದ ಶ್ರೀಶೈಲ ಸತ್ತ ಮೀನು ತೋರಿಸಿಯೇ ಹೇಳಿದ್ದ. "ಅಭೀ ಹೊಸಾ ಮೀನ್ ಬಿಡು. ದಿವಾಳಿ ಹಬ್ಬದ ಆರ್ಡರ್ ಮುಗೀಲಿ, ದೇಖೇಂಗೆ" ಅಂದಿದ್ದ ಅಮೋಲ್. ಅಂದಿನಿಂದ ಶ್ರೀಶೈಲ ದಾದರಿನಿಂದ ಪ್ಲಾಸ್ಟಿಕ್ ಚೀಲದಲ್ಲಿ ಮೀನು ತರುತ್ತಿದ್ದ. ಲೋಕಲ್ ರೈಲಿನ ಗರ್ದಿಯಲ್ಲಿ ಚೀಲ ಎತ್ತಿಹಿಡಿದು ನಿಂತಾಗ ತನ್ನ ಮೇಲೆಯೇ ಅವನಿಗೆ ಹೇಸಿಗೆಯಾಗುತ್ತಿತ್ತು. ಆದರೂ ತರುತ್ತಿದ್ದ.

ಈ ಸಲ ಮದುವೆಗೆಂದು ಊರಿಗೆ ಹೋಗುವ ಮುಂಚೆ ಬೇಕಾದಷ್ಟು ಮೀನು ಬಿಟ್ಟು ಹೋಗಿದ್ದ. ವಾಪಸ್ ಬಂದು ನೋಡಿದರೆ ತೊಟ್ಟಿಯ ನೀರು ರಬ್ಬರ್ ಪೈಪಿನಲ್ಲಿ ಹಿಂದಿನ ಗೋಡೆ ಹಾರಿ ಸಾಲುಮನೆಗಳ ಚಾಳಿನ ಕಡೆಗೆ ಹೋಗುತ್ತಿತ್ತು.

"ಚಾಳ್‌ದಾಗ ಪೈಪ್ ಒಡದೈತಿ, ಪಾನಿ ಬಂದ್," ಎಂದ ಅಮೋಲ್. "ನಾನೇ ಕೊಟ್ಟೆ. ಪುಣ್ಯದ ಕಾಮ್, ಯಾರ್."

"ಕುಡೀಬ್ಯಾಡ್ರಿ ಅಂತ ಹೇಳೀರೇನ್ರಿ ಸಾಹೇಬ್ರ?"

"ತೊಳ್ಯಾಕ ಕೊಟ್ಟೇನಿ. ಅವರಿಗೆ ಅಷ್ಟು ಸಮಝ್ ಇಲ್ಲೇನು?"

ಶ್ರೀಶೈಲನ ಅಕ್ಕ ಮಲ್ಲಕ್ಕ ಇದ್ದದ್ದು ಅದೇ ಚಾಳಿನಲ್ಲಿ. ಅವಳ ಮಗಳು ಸ್ನೇಹಲ್ ಹೆರಿಗೆಗೆ ಬಂದು, ಹಸಿ ಬಾಣಂತಿಯಾಗಿ ಒಳಕೋಣೆಯಲ್ಲಿದ್ದಳು. ಅವನು ಓಡಿದ.

ಹೊರಗೆ ಸಾಲಾಗಿ ತುಂಬಿದ ಕೊಡಗಳು. ಬಾಗಿಲಲ್ಲೇ ಅಕ್ಕ ನಗುತ್ತ ಎದುರಾದಳು.

"ಯಕ್ಕಾ, ಆ ನೀರು ಕುಡದೀರೇನು?"

"ಮತ್ತೇನ್ ಮಾಡೂದು? ಮೊದಲ ಯಾರೂ ಮುಟ್ಟವಲ್ಲರಾಗಿದ್ರು. ನಾನ ಎಲ್ಲಾರನೂ ಕರಕೊಂಡು ಹೋಗಿ ಮೀನಾ ತೋರಿಸಿದೆ. ನಮ್ಮ ತಮ್ಮ ಸ್ವಚ್ಛ ಮಾಡಿದ ನೀರು ಅಂದೆ. ಆಮ್ಯಾಲೆ ತುಂಬಿಕೊಂಡ್ರು ನೋಡು."

"ಆ ಮೀನಾ ಸಾಯ್ತಾವ ಯಕ್ಕಾ! ಸತ್ತಂಗ ಸತ್ತಂಗ ನಾನ ಹೊಸಾವ ತಂದು ಬಿಡ್ತೀನಿ. ಆ ನೀರಾಗ ವಿಷ ಐತಿ."

ಮಲ್ಲಕ್ಕನ ನಗು ಆರಿತು. ಗಾಬರಿಯಾದವನಿಗೆ ಧೈರ್ಯ ಹೇಳುವಂತೆ ತಮ್ಮನ ತೋಳು ಹಿಡಿದಳು.

"ಅಂಜಬ್ಯಾಡೋ ತಮ್ಮಾ. ಬಾಣಂತಿಗೆ ತಣ್ಣೀರು ಕೊಡ್ತೀನೇನು? ಅಜವಾನ ಹಾಕಿ, ಕುದಿಸಿ ಕುದಿಸಿ ಅರ್ಧಕ್ಕ ಇಳಿಸೇ ಕೊಟ್ಟೀನಿ. ಏನಿದ್ರೂ ಸತ್ತ ಹೋಗಿರ್ತದ."

ಕುದಿಸಿದರೆ ಕ್ರಿಮಿ ಸಾಯುತ್ತದೆ, ಕ್ರೋಮಿಯಂ ಸಾಯುವುದಿಲ್ಲ. ನೀರು ಅರ್ಧವಾದರೆ ಉಳಿದ ಅರ್ಧದಲ್ಲಿ ಅದಷ್ಟೂ ಇರುತ್ತದೆ. ಇದನ್ನು ಅಕ್ಕನಿಗೆ ಯಾವ ಬಾಯಲ್ಲಿ ಹೇಳುವುದು ಎಂದು ಅವನು ತಡವರಿಸುತ್ತಿರುವಾಗಲೇ ಒಳಗೆ ಕೂಸು ಅತ್ತಿತು. ಸ್ನೇಹಲ್ ಅಜವಾನ ನೀರಿನ ಖಾಲಿ ಲೋಟ ಕೆಳಗಿಟ್ಟು ಹಾಲೂಡಿಸಲು ಕೂಸನ್ನು ಎತ್ತಿಕೊಂಡಳು.