ಅಕ್ಕನ ದನಿಯ ಜಾಗ

ಒಂದೇ ಮೈಕು, ಎರಡು ಮುಖ. ಐವತ್ತು ವರ್ಷ ವರ್ಡಿ ಹಾಗೆಯೇ ಹಾಡಿದ್ದಳು. ಅಕ್ಕ ಒಲೆಟ್ಟಾ ಹಾಡಿನ ಧಾಟಿಯನ್ನು ಕೆಳದನಿಯಲ್ಲಿ ಹಿಡಿದರೆ, ವರ್ಡಿ ಅದರ ಮೇಲೆ ಏರುದನಿಯಲ್ಲಿ ಕೂಡಿಕೊಳ್ಳುವಳು. ಮಾರ್ಚಿನಲ್ಲಿ ಅಕ್ಕ ತೀರಿಕೊಂಡಳು. ಈಗ ನ್ಯಾಶ್‌ವಿಲ್‌ನ ಸ್ಟುಡಿಯೋದಲ್ಲಿ ವರ್ಡಿ ಮೈಕಿನ ಎಡಕ್ಕೆ ನಿಂತು, ಬಲಗಡೆ ಒಂದಾಳಿನ ಜಾಗ ಬಿಟ್ಟಿದ್ದಳು.

ಅಲ್ಲಿ ಹಾಡು ಮುದ್ರಿಸಿಕೊಳ್ಳುತ್ತಿದ್ದ ಸಿನಿಮಾಕ್ಕೆ ಹಳ್ಳಿಗಾಡಿನ ಹಾಡಿನ ಎಲ್ಲ ಬಗೆಯೂ ಬೇಕಿತ್ತು. ಟೆಕ್ಸಾಸಿನ ಕುಣಿತದ ಪಿಟೀಲು, ಹೆಂಡದಂಗಡಿಗಳ ಸ್ಟೀಲ್ ಗಿಟಾರು, ಜೊತೆಗೆ ಕೆಂಟಕಿ ಬೆಟ್ಟದ ಈ ಅಕ್ಕತಂಗಿಯರ ಹಾಡು. ವರ್ಡಿ ಒಂದೇ ಮಾತಿನ ಮೇಲೆ ಬಂದಿದ್ದಳು: ಅಕ್ಕನ ಜಾಗದಲ್ಲಿ ಬೇರೆಯವರು ಹಾಡಕೂಡದು.

ಮೊದಲ ಸಲ ಹಾಡಿ ಮುಗಿದಾಗ, ಸಂಗೀತ ನೋಡಿಕೊಳ್ಳುತ್ತಿದ್ದ ರಾಯ್ಸ್ ತಲೆ ಕೆರೆದುಕೊಂಡ.

"ವರ್ಡಮ್ಮಾ, ಬೇಜಾರು ಮಾಡ್ಕೋಬೇಡಿ. ಗೋಡೆ ಇಲ್ದೆ ಸೂರು ಹೊದಿಸ್ದಂಗಿದೆ. ಕೆಳಗಿನ ದನಿ ನಮ್ಮ ಮಾರ್ಲಿ ಹಾಡ್ಲಿ."

"ಮಾತು ಕೊಟ್ಟಿದ್ದೆಯಲ್ಲಪ್ಪಾ?"

"ಒಂದೇ ಸಲ. ಹಿಡಿಸ್ದಿದ್ರೆ ಅಳಿಸಿಬಿಡ್ತೀನಿ."

ಸಿನಿಮಾದ ಗಾಯಕಿ ಮಾರ್ಲಿ ಬಂದು ಖಾಲಿ ಜಾಗದಲ್ಲಿ ನಿಂತಳು. ಎರಡನೇ ಸಾಲಿಗೇ ನಿಲ್ಲಿಸಿಬಿಟ್ಟಳು.

"ನಂಗಾಗಲ್ಲ ರಾಯ್ಸ್. ಬಾಯಿ ತೆಗೆದ್ರೆ, ಆ ಸ್ವರದಲ್ಲಿ ಆಗ್ಲೇ ಯಾರೋ ಇದಾರೆ."

"ತಿಂಡಿ ತಿಂದು ಬಂದಿಲ್ವೇನವ್ವಾ?" ಎಂದು ಪಿಟೀಲಿನವನು ನಕ್ಕ.

ಸ್ಟೀಲ್ ಗಿಟಾರಿನ ಡೆಲ್ಮರ್ ನಗಲಿಲ್ಲ. "ಮೊದಲ್ನೇ ಸಲ ಮೂರನೇ ಸಾಲಲ್ಲಿ ನಾವು ಯಾಕೆ ತಡೆದು ನಿಂತ್ವಿ?"

"ನೀನು ತಡೆದೆ, ಅದಕ್ಕೆ ನಾನೂ ತಡೆದೆ," ಎಂದ ಪಿಟೀಲಿನವನು.

"ನಾನು ಅವರಿಗೋಸ್ಕರ ತಡೆದೆ."

"ಯಾರಿಗೋಸ್ಕರ?"

ಡೆಲ್ಮರ್ ಮೈಕಿನ ಬಲಗಡೆ ನೋಡಿದ. ಶ್ವಾಸಕೋಶ ಸೋತ ಮೇಲೆ ಒಲೆಟ್ಟಾ ಆ ಮೂರನೇ ಸಾಲಿನಲ್ಲೇ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದಳು. ಅದನ್ನು ವರ್ಡಿ ಯಾರಿಗೂ ಹೇಳಿರಲಿಲ್ಲ.

"ಮಗಳೇ, ನೀನು ಆಚೆ ಕೂತ್ಕೋ," ಎಂದು ವರ್ಡಿ ಮಾರ್ಲಿಗೆ ಹೇಳಿದಳು. "ರಾಯ್ಸ್, ಶುರು ಮಾಡಪ್ಪಾ."

ಈ ಸಲ ಯಾರೂ ಅಡ್ಡ ಬರಲಿಲ್ಲ. ನಾಲ್ಕು ಚರಣ ಮುಗಿದವು. ವರ್ಡಿ ಬಾಯಿ ಮುಚ್ಚಿದಳು. ವಾದ್ಯಗಳು ನಿಲ್ಲಲಿಲ್ಲ. ವಾದ್ಯದವರಿಬ್ಬರೂ ತಲೆ ತಗ್ಗಿಸಿ, ಯಾರದೋ ಹಿಂದೆ ನಡೆಯುವವರಂತೆ, ಐದನೆಯ ಚರಣಕ್ಕೆ ಕಾಲಿಟ್ಟಿದ್ದರು.

ಆ ಹಾಡಿಗೆ ಐದನೆಯ ಚರಣವಿರಲಿಲ್ಲ. ಅಕ್ಕ ಬದುಕಿರುವವರೆಗೆ ಇರಲಿಲ್ಲ.

ವರ್ಡಿ ಬೇಡಿದ್ದು ಸಿಕ್ಕಿತ್ತು, ಅಕ್ಕನ ಜಾಗ ಅಕ್ಕನಿಗೇ ಉಳಿದಿತ್ತು. ಗೊತ್ತಿಲ್ಲದ ಪದಕ್ಕೆ ದನಿ ಕೂಡಿಸುವವರು ಹಾಡುವವರ ತುಟಿಯನ್ನೇ ನೋಡಬೇಕು, ಬೇರೆ ದಾರಿಯಿಲ್ಲ.

ಅವಳು ಬಲಕ್ಕೆ ತಿರುಗಿದಳು. ಒಂದು ಗಳಿಗೆ ನೋಡಿದಳು. ಆಮೇಲೆ ಹಾಡತೊಡಗಿದಳು.