ರಟ್ಟಿನ ದೊಡ್ಡಮ್ಮನ ಡಬ್ಬಿಗಳು

ಬಿಸಿ ತಿಂಡಿ ಕೈಗೆ ಬಂದರೆ ಸಾಕು, ಯಾವುದರಲ್ಲಿ ಕಟ್ಟಿಕೊಟ್ಟರು ಅಂತ ಯಾರು ನೋಡುತ್ತಾರೆ?

ಬೀದಿಯ ತಿಂಡಿ ಅಂಗಡಿಗಳಿಗೆಲ್ಲ ಡಬ್ಬಿ ಮಾಡಿಕೊಡುತ್ತಿದ್ದವಳು ರಟ್ಟಿನ ದೊಡ್ಡಮ್ಮ. ಮನೆಯ ಮುಂದಿನ ಕೋಣೆಯೇ ಕಾರ್ಖಾನೆ. ರಟ್ಟು ಕತ್ತರಿಸುವ ಯಂತ್ರ, ಗೋಂದಿನ ಬಕೆಟ್ಟು. ಮಡಿಸಿ ಅಂಟಿಸಲು ತಾನು, ಮಗ, ಸೊಸೆ. ಅಚ್ಚಿನ ಮನೆಯಲ್ಲಿ ಮುದ್ರಣ ಕೆಟ್ಟುಹೋದ ರಟ್ಟು ಅಗ್ಗಕ್ಕೆ ಸಿಗುತ್ತಿತ್ತು. ಬರಹವಿದ್ದ ಮೈಯನ್ನು ಒಳಗೆ ಮಾಡಿ ಮಡಿಸಿದರೆ ಹೊರಗೆಲ್ಲ ಹಾಲಿನಂಥ ಬಿಳುಪು.

ಒಂದು ಬೆಳಿಗ್ಗೆ ಆರೋಗ್ಯ ಕಾರ್ಯಕರ್ತೆ ಬಂದವಳು ಡಬ್ಬಿಯೊಂದರಲ್ಲಿ ಇಣುಕಿದಳು.

"ಅಯ್ಯೋ ದೊಡ್ಡಮ್ಮ, ಅಚ್ಚೆಲ್ಲಾ ಒಳಗಿದೆಯಲ್ಲ! ಬಿಸಿ, ಎಣ್ಣೆ ತಾಗಿದ್ರೆ ಶಾಯಿ ತಿಂಡಿಗೆ ಇಳಿಯುತ್ತೆ. ಮೈಗಾಗದ ರಾಸಾಯನಿಕ ಅದು."

"ಹೋಗೇ ತಾಯಿ! ಶಾಯಿ ತಿಂದು ಯಾರ ಕರುಳು ಕಪ್ಪಾಗಿದೆ? ಬೀದಿಯೋರೆಲ್ಲಾ ಗುಂಡುಕಲ್ಲಿನ ಹಾಗಿದಾರೆ."

"ಇವತ್ತು ತಿಂದದ್ದು ಇವತ್ತೇ ಕೂಗಿ ಹೇಳಲ್ಲ ದೊಡ್ಡಮ್ಮ."

ಅಷ್ಟರಲ್ಲಿ ಪಕ್ಕದ ಮನೆಯ ಪುಟ್ಟ ಹುಡುಗಿ ಅಂಗಡಿಯ ತಿಂಡಿ ತುಂಬಿದ ಅಂಥದೇ ರಟ್ಟಿನ ಡಬ್ಬಿ ಹಿಡಿದು ಬಂದು ಹೊಸ್ತಿಲಲ್ಲಿ ಕೂತಳು. ದೊಡ್ಡಮ್ಮನ ಮೊಮ್ಮಗಳು ಓಡಿಬಂದು ಅದಕ್ಕೆ ಕೈಹಾಕಿದಳು.

"ಏಯ್, ಅದ್ರಲ್ಲಿ ತಿನ್ಬೇಡ ಕಣೇ! ಎಷ್ಟು ಸಲ ಹೇಳಿದೀನಿ? ತಟ್ಟೆ ತಗೊಂಡ್ಬಾ!" ದೊಡ್ಡಮ್ಮ ಕೂತಲ್ಲಿಂದಲೇ ಗದರಿದಳು.

ಪಕ್ಕದ ಮನೆಯ ಮಗು ಬಾಯಿಗೊಯ್ದ ತುಂಡನ್ನು ಹಾಗೇ ಹಿಡಿದು ಕೇಳಿತು: "ಅಜ್ಜಿ, ನಾನು ತಿನ್ಬಹುದಾ?"

ಕಾರ್ಯಕರ್ತೆ ಕೈಯಲ್ಲಿದ್ದ ಡಬ್ಬಿಯನ್ನು ಮೆಲ್ಲಗೆ ಕೆಳಗಿಟ್ಟಳು. ಬೈದಿದ್ದರೆ ದೊಡ್ಡಮ್ಮ ಜಗಳವಾದರೂ ಆಡಬಹುದಿತ್ತು. ಸೊಸೆ ತಲೆ ತಗ್ಗಿಸಿ ಗೋಂದು ಕಲಕಿದಳು. ದೊಡ್ಡಮ್ಮನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಶಾಯಿ ಹತ್ತಿ ಕಪ್ಪಾದ ಬೆರಳನ್ನು ದಿನಾ ತಿಕ್ಕಿ ತೊಳೆದು ಉಣ್ಣುವವಳಿಗೆ ಗೊತ್ತಿರಲಿಲ್ಲವೇ? ದೇವರಿಗೆ ಮುಗಿಯುವ ಕೈಯಿಂದಲೇ ಕಂಡವರ ಕೂಸಿಗೆ ಶಾಯಿ ಉಣಿಸಿದ್ದಳು.

ಎದ್ದು ಹೋಗಿ ಮಗುವಿನ ಕೈಯಿಂದ ಡಬ್ಬಿ ತೆಗೆದುಕೊಂಡಳು. "ಬೇಡ ಕಂದ. ತಪ್ಪು ನಂದು."

"ಮಾಡಿಟ್ಟಿದ್ದೆಲ್ಲಾ ಏನ್ಮಾಡೋದಮ್ಮ?" ಮಗ ಗೊಣಗಿದ.

"ಮೊಳೆ ಮಾರೋರಿಗೆ ಕೊಡು. ಬಾಯಿಗೆ ಹೋಗೋದಕ್ಕೆ ಬೇಡ. ತಿಂಡಿಗೆ ಅಂತಲೇ ಮಾಡಿದ ಹೊಸ ರಟ್ಟು ತರೋಣ."

"ಬೆಲೆ ಜಾಸ್ತಿ ಅಂತಾರೆ ಅಂಗಡಿಯೋರು."

"ಅನ್ಲಿ ಬಿಡೋ. ಇನ್ನೊಂದು ಮಗು ಹೀಗೆ ಕೇಳಿದ್ರೆ ಏನು ಹೇಳ್ಲಿ ನಾನು?"

ಮಗ ಮಾಡಿಟ್ಟಿದ್ದನ್ನೆಲ್ಲ ಗೋಣಿಗೆ ತುಂಬಿದ. ಕೊಟ್ಟಿದ್ದ ಡಬ್ಬಿಗಳನ್ನು ಅಂಗಡಿ ಅಂಗಡಿಗೆ ಹೋಗಿ ದೊಡ್ಡಮ್ಮನೇ ವಾಪಸು ತಂದಳು. ಪ್ರತಿ ಬಾಗಿಲಲ್ಲೂ ಕಾರಣ ಹೇಳಬೇಕಾಯಿತು. ಪ್ರತಿ ಸಲವೂ ನಾಲಿಗೆ ತಡವರಿಸಿತು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನೀವು ಡಬ್ಬಿ ಮಾಡುವವರಿರಲಿ, ಕೊಳ್ಳುವವರಿರಲಿ, ಅದರ ಒಳಮೈ ಒಮ್ಮೆ ನೋಡಿ. ಅಚ್ಚು ಕಂಡರೆ ತಿಂಡಿಗೆ ಬೇಡ ಅನ್ನಿ. ಹಳೇ ಪತ್ರಿಕೆಯಲ್ಲಿ ಕಟ್ಟಿದ್ದೂ ಬೇಡ. ನಿಮ್ಮ ಮಗುವಿಗೆ ಕೊಡಲಾರದ್ದನ್ನು ಇನ್ನೊಬ್ಬರ ಮಗುವಿನ ಕೈಗೆ ಇಡಬೇಡಿ.